ಕ್ರೂಜೋನ್ ವ್ಯಾಧಿಯೂ ನೇತ್ರಹಾನಿಯೂ

ಫ್ರೆಂಚ್ ವೈದ್ಯನಾದ ಒಕ್ತಾವ್ ಕ್ರೂಜೋನನು ೧೯೧೨ರಲ್ಲಿ ಒಬ್ಬ ತಾಯಿಯಲ್ಲಿಯೂ ಆಕೆಯ ಮಗನಲ್ಲಿಯೂ ಕಂಡುಬಂದ ಜನ್ಮಜಾತ ಕಪಾಲಮುಖವಿಕಾರವನ್ನು ವರ್ಣಿಸಿದನು. ತಲೆಯೋಡಿನ ಸಂಧಿಗಳು ಅಕಾಲದಲ್ಲಿ ಬೆಸೆಯುವುದರಿಂದಲೂ ಮೇಲ್ದವಡೆಯು ಸಾಕಷ್ಟು ಬೆಳೆಯದಿರುವುದರಿಂದಲೂ ಕಣ್ಣುಗೂಡುಗಳು ಆಳವಿಲ್ಲದೆ ಗುಡ್ಡೆಗಳು ಹೊರಚಾಚುವುವು. ಈ ವಿಕಾರವು ಬಾಲ್ಯದೊಡನೆ ಕಳೆಯತಕ್ಕದ್ದಲ್ಲವೆಂಬುದಕ್ಕೆ ಆ ತಾಯಿಯೇ ನಿದರ್ಶನ. ರೆಪ್ಪೆಗಳು ಪೂರ್ಣವಾಗಿ ಮುಚ್ಚದಿದ್ದರೆ ಕಾರ್ನಿಯಾ ಎಂಬ ಪಾರದರ್ಶಕ ಪಟಲವು ಒಣಗಿ ಹುಣ್ಣಾಗುವುದು. ಕಪಾಲದೊಳಗಣ ಒತ್ತಡವು ಹೆಚ್ಚಿದರೆ ನೇತ್ರನರವು ಕ್ಷಯಿಸಿ ದೃಷ್ಟಿಯು ನಂದುವುದು. ಅದೇ ದೇಶದ ಶಸ್ತ್ರವೈದ್ಯ ಪಾಲ್ ತೆಸ್ಸಿಯೆ, ಮುಖದ ಮೂಳೆಗಳನ್ನು ಬಿಡಿಸಿ ಮುಂದಕ್ಕೆ ತರುವ ವಿಧಾನವನ್ನು ೧೯೬೭ರಲ್ಲಿ ರೋಮ್ ನಗರದ ಸಮ್ಮೇಳನದಲ್ಲಿ ಮಂಡಿಸಿದನು. ಶಸ್ತ್ರಕ್ರಿಯೆಯಿಂದ ಗುಡ್ಡೆಗೆ ಆಸರೆ ದೊರೆಯಬಹುದು; ಕ್ಷಯಿಸಿದ ನರವು ಮಾತ್ರ ಮರಳಿ ಬೆಳೆಯದು. ಆದಕಾರಣ ಪ್ರಾಯ ತುಂಬಿದ ಮೇಲೆಯೂ ಕಣ್ಣಿನ ಪರೀಕ್ಷೆಯನ್ನು ಬಿಡತಕ್ಕದ್ದಲ್ಲ.