ಜೀರ್ಣಾಂಗ ವ್ಯೂಹ

ಜೀರ್ಣಾಂಗ ವ್ಯೂಹ: ತಿಂದ ಆಹಾರವನ್ನು ಅರೆದು, ಒಡೆದು, ರಕ್ತಕ್ಕೆ ಸೇರಬಲ್ಲಷ್ಟು ಸಣ್ಣ ಅಣುಗಳನ್ನಾಗಿಸಿ ಹೀರಿಕೊಂಡು, ಉಳಿದದ್ದನ್ನು ಹೊರಹಾಕುವ ಅಂಗಗಳ ಸಮೂಹ. ಬಾಯಿಯಿಂದ ಗುದದ್ವಾರದವರೆಗೆ ಸಾಗುವ ಒಂದೇ ನಾಳ ಇದರ ಮುಖ್ಯ ಭಾಗ. ಶವದಲ್ಲಿ ಅಳೆದರೆ ಇದರ ಉದ್ದ ಸುಮಾರು 9 ಮೀಟರ್. ಬದುಕಿರುವವರಲ್ಲಿ ಸ್ನಾಯುಗಳು ಬಿಗಿದಿರುವುದರಿಂದ ಇದಕ್ಕಿಂತ ಕಡಿಮೆ. ಲಾಲಾಗ್ರಂಥಿಗಳು, ಪಿತ್ತಜನಕಾಂಗ ಮತ್ತು ಮೇದೋಜೀರಕ ಗ್ರಂಥಿ ನಾಳದ ಹೊರಗಿದ್ದುಕೊಂಡು ತಮ್ಮ ರಸಗಳನ್ನು ಅದರೊಳಕ್ಕೆ ಹರಿಸುತ್ತವೆ.

ಜೀರ್ಣಕ್ರಿಯೆಯೆಂದರೆ ಜಠರದ ಕೆಲಸ ಎಂಬ ಭಾವನೆ ಜನರಲ್ಲಿ ಬಲವಾಗಿದೆ. ಹಸಿವು, ಉರಿ, ತೇಗು ಎಲ್ಲವೂ ಅಲ್ಲಿಯೇ ಅನುಭವಕ್ಕೆ ಬರುವುದರಿಂದ ಅದು ಸಹಜ. ಆದರೆ ಭಾರ ಹೊರುವುದು ಸಣ್ಣ ಕರುಳು. ಕ್ಯಾನ್ಸರ್ ಬಂದು ಜಠರವನ್ನು ಪೂರ್ತಿ ತೆಗೆಸಿಕೊಂಡವರೂ ಸ್ವಲ್ಪಸ್ವಲ್ಪವಾಗಿ ಊಟ ಮಾಡುತ್ತ, ಬಿ12 ಚುಚ್ಚುಮದ್ದು ತೆಗೆದುಕೊಳ್ಳುತ್ತ ವರ್ಷಗಟ್ಟಲೆ ಬದುಕುತ್ತಾರೆ. ಸಣ್ಣ ಕರುಳನ್ನು ಕಳೆದುಕೊಂಡವರಿಗೆ ಮಾತ್ರ ಎಷ್ಟು ಉಣಿಸಿದರೂ ಮೈಗೆ ಹತ್ತುವುದಿಲ್ಲ. ಪೋಷಕಾಂಶಗಳನ್ನು ನೇರವಾಗಿ ರಕ್ತನಾಳಕ್ಕೇ ಕೊಡಬೇಕಾಗುತ್ತದೆ.

ಬಾಯಿಯಲ್ಲಿ ಹಲ್ಲುಗಳು ಆಹಾರವನ್ನು ಅಗಿಯುತ್ತವೆ, ಮೂರು ಜೊತೆ ದೊಡ್ಡ ಲಾಲಾಗ್ರಂಥಿಗಳು ಅದನ್ನು ನೆನೆಸುತ್ತವೆ. ದಿನಕ್ಕೆ 1ರಿಂದ 1.5 ಲೀಟರ್‌ನಷ್ಟು ಜೊಲ್ಲು ಉತ್ಪತ್ತಿಯಾಗುತ್ತದೆ. ಅದರಲ್ಲಿರುವ ಅಮೈಲೇಸ್ ಕಿಣ್ವ ಪಿಷ್ಟವನ್ನು ಒಡೆಯಲಾರಂಭಿಸುತ್ತದೆ. ಅನ್ನವನ್ನು ಬಹಳ ಹೊತ್ತು ಅಗಿದರೆ ಸಿಹಿಯೆನಿಸುವುದು ಇದರಿಂದಲೇ. ಹಳೆ ಮೈಸೂರು ಸೀಮೆಯಲ್ಲಿ ರಾಗಿಮುದ್ದೆಯನ್ನು ಸಾರಿನಲ್ಲಿ ಅದ್ದಿ, ಅಗಿಯದೆ ನುಂಗುವುದು ರೂಢಿ. ಅಂಥ ತುತ್ತಿಗೆ ಬಾಯಿಯ ಕಿಣ್ವ ತಾಗುವುದು ಅಷ್ಟಕ್ಕಷ್ಟೇ. ಹಾಗೆಂದು ನಷ್ಟವೇನಿಲ್ಲ: ಹಲ್ಲಿನ ಕೆಲಸವನ್ನು ಬೀಸುವ ಕಲ್ಲು ಮೊದಲೇ ಮುಗಿಸಿರುತ್ತದೆ, ಪಿಷ್ಟದ ಬಹುಪಾಲನ್ನು ಮುಂದೆ ಮೇದೋಜೀರಕದ ಅಮೈಲೇಸ್ ಒಡೆಯುತ್ತದೆ.

ನುಂಗುವಾಗ ಎಪಿಗ್ಲಾಟಿಸ್ ಎಂಬ ಮುಚ್ಚಳ ಶ್ವಾಸನಾಳದ ಬಾಯನ್ನು ಮರೆಮಾಡುತ್ತದೆ. ತುತ್ತು 25 ಸೆಂ.ಮೀ. ಉದ್ದದ ಅನ್ನನಾಳಕ್ಕೆ ಇಳಿಯುತ್ತದೆ. ನಾಳದ ಸ್ನಾಯುಗಳು ಹಿಂದಿನಿಂದ ಹಿಚುಕುತ್ತ ಮುಂದಕ್ಕೆ ಸಡಿಲವಾಗುವ ಈ ಅಲೆಯಂಥ ಚಲನೆಗೆ ಪೆರಿಸ್ಟಾಲ್ಸಿಸ್ ಎಂದು ಹೆಸರು. ಗುರುತ್ವದ ನೆರವಿಲ್ಲದೆಯೂ ಇದು ನಡೆಯುವುದರಿಂದ ಮಲಗಿಕೊಂಡೂ ನುಂಗಬಹುದು.

ಜಠರ ಹಿಗ್ಗುವ ಚೀಲ. ಊಟವಾದ ಮೇಲೆ ಒಂದರಿಂದ ಒಂದೂವರೆ ಲೀಟರ್ ಹಿಡಿಯುತ್ತದೆ. ಅದರ ಒಳಗೋಡೆಯ ಕೋಶಗಳಲ್ಲಿ ಕೆಲವು ಹೈಡ್ರೊಕ್ಲೋರಿಕ್ ಆಮ್ಲವನ್ನೂ ಕೆಲವು ಪೆಪ್ಸಿನೊಜೆನ್ ಎಂಬ ನಿಷ್ಕ್ರಿಯ ವಸ್ತುವನ್ನೂ ಸ್ರವಿಸುತ್ತವೆ. ಆಮ್ಲ ತಾಗಿದ ಮೇಲಷ್ಟೇ ಪೆಪ್ಸಿನೊಜೆನ್ ಪೆಪ್ಸಿನ್ ಆಗಿ ಪ್ರೋಟೀನನ್ನು ಕತ್ತರಿಸಬಲ್ಲದು. ಮೊದಲೇ ಸಕ್ರಿಯವಾಗಿದ್ದರೆ ತಯಾರಿಸಿದ ಕೋಶವನ್ನೇ ತಿಂದುಹಾಕುತ್ತಿತ್ತು. ಬೈಕಾರ್ಬೊನೇಟ್ ಬೆರೆತ ಲೋಳೆಯ ಪದರ ಗೋಡೆಯನ್ನು ಕಾಯುತ್ತದೆ. ಮೇಲ್ಪದರದ ಕೋಶಗಳು ಕೆಲವೇ ದಿನಗಳಿಗೊಮ್ಮೆ ಹೊಸದಾಗುತ್ತವೆ. ಈ ರಕ್ಷಣೆ ಕೆಟ್ಟಾಗ ಹುಣ್ಣಾಗುತ್ತದೆ. ಖಾರ ಮತ್ತು ಚಿಂತೆಯೇ ಹುಣ್ಣಿಗೆ ಕಾರಣವೆಂದು ವೈದ್ಯರೂ ದೀರ್ಘಕಾಲ ನಂಬಿದ್ದರು. ಹೆಲಿಕೊಬ್ಯಾಕ್ಟರ್ ಪೈಲೊರಿ ಎಂಬ ಬ್ಯಾಕ್ಟೀರಿಯದ ಪಾತ್ರವನ್ನು ಆಸ್ಟ್ರೇಲಿಯದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ತೋರಿಸಿದರು. ಅದನ್ನು ನಂಬಿಸಲು 1984ರಲ್ಲಿ ಮಾರ್ಷಲ್ ಆ ಬ್ಯಾಕ್ಟೀರಿಯವನ್ನು ತಾವೇ ಕುಡಿದು ಜಠರದ ಉರಿಯೂತ ತಂದುಕೊಂಡರು. 2005ರಲ್ಲಿ ಇಬ್ಬರಿಗೂ ನೊಬೆಲ್ ಸಂದಿತು.

ಬದುಕಿರುವ ಮನುಷ್ಯನ ಜಠರ ಕೆಲಸ ಮಾಡುವುದನ್ನು ಕಣ್ಣಾರೆ ಕಂಡು ಬರೆದಿಟ್ಟ ಮೊದಲಿಗರಲ್ಲಿ ಅಮೆರಿಕದ ಸೇನಾ ವೈದ್ಯ ವಿಲಿಯಂ ಬೋಮಾಂಟ್ ಮುಖ್ಯ. 1822ರಲ್ಲಿ ಮ್ಯಾಕಿನಾ ದ್ವೀಪದಲ್ಲಿ ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಎಂಬ ಯುವಕನಿಗೆ ಗುಂಡು ತಗುಲಿ, ಗಾಯ ಮಾಗಿದರೂ ಹೊಟ್ಟೆಯ ಮೇಲಿನ ರಂಧ್ರ ಮುಚ್ಚಲೇ ಇಲ್ಲ. ಬೋಮಾಂಟ್ ಮಾಂಸ, ರೊಟ್ಟಿ, ಎಲೆಕೋಸಿನ ತುಂಡುಗಳನ್ನು ರೇಷ್ಮೆ ದಾರಕ್ಕೆ ಕಟ್ಟಿ ಆ ರಂಧ್ರದಿಂದ ಒಳಗೆ ಬಿಟ್ಟು, ಗಂಟೆಗೊಮ್ಮೆ ಎಳೆದು ನೋಡುತ್ತಿದ್ದರು. ಜಠರರಸವನ್ನು ಹೊರತೆಗೆದು ಬಾಟಲಿಯಲ್ಲಿಟ್ಟರೂ ಅದು ಮಾಂಸವನ್ನು ಕರಗಿಸಿತು. ಜೀರ್ಣಕ್ರಿಯೆ ಬರಿಯ ಅರೆತವಲ್ಲ, ರಾಸಾಯನಿಕ ಕ್ರಿಯೆ ಎಂಬುದು ಇದರಿಂದ ಗಟ್ಟಿಯಾಯಿತು. ಅವರ ಪುಸ್ತಕ 1833ರಲ್ಲಿ ಪ್ರಕಟವಾಯಿತು. ಬಡವನೂ ಅನಕ್ಷರಸ್ಥನೂ ಆಗಿದ್ದ ಸೇಂಟ್ ಮಾರ್ಟಿನ್ ಅನುಭವಿಸಿದ ಕಷ್ಟವನ್ನು ಮರೆತು ಈ ಸಾಧನೆಯನ್ನು ಹೊಗಳುವುದು ನ್ಯಾಯವಲ್ಲ.

ಅರೆದ ಆಹಾರ ಜಠರದಿಂದ ಸ್ವಲ್ಪಸ್ವಲ್ಪವಾಗಿ ಸಣ್ಣ ಕರುಳಿನ ಮೊದಲ ಭಾಗವಾದ ಡ್ಯುಯೊಡಿನಮ್ಮಿಗೆ ಬೀಳುತ್ತದೆ. ಸುಮಾರು 25 ಸೆಂ.ಮೀ.ನ ಈ ತುಣುಕಿನಲ್ಲೇ ಎರಡು ಮುಖ್ಯ ರಸಗಳು ಬಂದು ಸೇರುತ್ತವೆ. ಪಿತ್ತಜನಕಾಂಗ ತಯಾರಿಸಿ ಪಿತ್ತಕೋಶದಲ್ಲಿ ಕೂಡಿಟ್ಟ ಪಿತ್ತರಸ ಎಣ್ಣೆ–ತುಪ್ಪಗಳನ್ನು ಸಣ್ಣ ಹನಿಗಳನ್ನಾಗಿ ಚದುರಿಸುತ್ತದೆ. ಮೇದೋಜೀರಕದ ರಸ ಆಮ್ಲವನ್ನು ಶಮನಗೊಳಿಸುವುದಲ್ಲದೆ ಪಿಷ್ಟ, ಪ್ರೋಟೀನು, ಕೊಬ್ಬು ಮೂರನ್ನೂ ಒಡೆಯುವ ಕಿಣ್ವಗಳನ್ನು ತರುತ್ತದೆ. ಆಮ್ಲ ಬಂದಿತೆಂದು ಮೇದೋಜೀರಕಕ್ಕೆ ತಿಳಿಯುವುದು ಹೇಗೆ? 1902ರಲ್ಲಿ ಲಂಡನ್ನಿನಲ್ಲಿ ವಿಲಿಯಂ ಬೇಲಿಸ್ ಮತ್ತು ಅರ್ನೆಸ್ಟ್ ಸ್ಟಾರ್ಲಿಂಗ್ ನಾಯಿಯೊಂದರ ಕರುಳಿನ ಭಾಗಕ್ಕೆ ಹೋಗುವ ನರಗಳನ್ನೆಲ್ಲ ಕತ್ತರಿಸಿ, ಅಲ್ಲಿಗೆ ಆಮ್ಲ ಹಾಕಿದರು. ಆದರೂ ಮೇದೋಜೀರಕ ರಸ ಸುರಿಸಿತು. ಕರುಳಿನ ಒಳಪದರವನ್ನು ಅರೆದು ರಕ್ತಕ್ಕೆ ಚುಚ್ಚಿದಾಗಲೂ ಅದೇ ಫಲ. ಕರುಳು ರಕ್ತದ ಮೂಲಕ ಸಂದೇಶ ಕಳಿಸುತ್ತದೆಂದು ಗೊತ್ತಾಯಿತು. ಆ ವಸ್ತುವಿಗೆ ಸೆಕ್ರಿಟಿನ್ ಎಂದು ಹೆಸರಿಟ್ಟರು. ಹಾರ್ಮೋನುಗಳ ವಿಜ್ಞಾನ ಹುಟ್ಟಿದ್ದು ಹೀಗೆ, ಕರುಳಿನಿಂದ.

ಮುಂದಿನ ಭಾಗಗಳಾದ ಜೆಜುನಮ್ ಮತ್ತು ಇಲಿಯಮ್‌ಗಳ ಒಳಗೋಡೆ ಮಡಿಕೆಗಳಿಂದ ತುಂಬಿದೆ. ಮಡಿಕೆಗಳ ಮೇಲೆ ಒಂದು ಮಿಲಿಮೀಟರಿಗೂ ಚಿಕ್ಕದಾದ ವಿಲ್ಲಸ್‌ಗಳು ಮಖಮಲ್ಲಿನ ಎಳೆಗಳಂತೆ ಒತ್ತಾಗಿ ನಿಂತಿವೆ. ಒಂದೊಂದು ವಿಲ್ಲಸ್ಸಿನ ಕೋಶಗಳ ಮೇಲೂ ಇನ್ನೂ ಸೂಕ್ಷ್ಮವಾದ ಎಳೆಗಳಿವೆ. ಈ ಮೇಲ್ಮೈಯನ್ನು ಹರಡಿದರೆ ಟೆನಿಸ್ ಅಂಗಣದಷ್ಟಾಗುತ್ತದೆಂದು ಪಠ್ಯಪುಸ್ತಕಗಳು ಬರೆಯುತ್ತ ಬಂದಿವೆ. 2014ರಲ್ಲಿ ಸ್ವೀಡನ್ನಿನ ಸಂಶೋಧಕರು ಮಾಡಿದ ಅಳತೆಯಲ್ಲಿ ಇಡೀ ನಾಳದ ಒಳಮೈ ಸುಮಾರು 32 ಚದರ ಮೀಟರ್ ಎಂದು ಕಂಡುಬಂದಿದೆ. ಹಳೆಯ ಹೋಲಿಕೆಯನ್ನು ಇನ್ನು ಬಿಡುವುದು ಒಳ್ಳೆಯದು.

ಸಕ್ಕರೆ ಮತ್ತು ಅಮೈನೊ ಆಮ್ಲಗಳು ವಿಲ್ಲಸ್ಸಿನ ರಕ್ತನಾಳ ಸೇರಿ ಮೊದಲು ಪಿತ್ತಜನಕಾಂಗಕ್ಕೆ ಹೋಗುತ್ತವೆ. ಕೊಬ್ಬಿನ ಹಾದಿ ಬೇರೆ: ಅದರ ಬಹುಪಾಲು ದುಗ್ಧರಸ ನಾಳಗಳ ಮೂಲಕ ಸುತ್ತಿಬಂದು ಕುತ್ತಿಗೆಯ ಬುಡದ ಹತ್ತಿರ ರಕ್ತಕ್ಕೆ ಸೇರುತ್ತದೆ. ಬಿ12 ಜೀವಸತ್ವಕ್ಕೆ ಜಠರದಲ್ಲಿ ಹುಟ್ಟುವ ಒಂದು ಪ್ರೋಟೀನಿನ ಜೊತೆ ಬೇಕು, ಅದೂ ಇಲಿಯಮ್ಮಿನ ಕೊನೆಯಲ್ಲಷ್ಟೇ ಹೀರಿಕೆಯಾಗುತ್ತದೆ. ಹಾಲಿನ ಸಕ್ಕರೆಯನ್ನು ಒಡೆಯುವ ಲ್ಯಾಕ್ಟೇಸ್ ದಕ್ಷಿಣ ಭಾರತದ ಬಹಳಷ್ಟು ವಯಸ್ಕರಲ್ಲಿ ಕಡಿಮೆ. ಹಾಲು ಕುಡಿದರೆ ಹೊಟ್ಟೆಯುಬ್ಬರಿಸುವ ಅಂಥವರಿಗೂ ಮೊಸರು ಸಾಮಾನ್ಯವಾಗಿ ಒಗ್ಗುತ್ತದೆ. ಹೆಪ್ಪಿನ ಬ್ಯಾಕ್ಟೀರಿಯ ಆ ಸಕ್ಕರೆಯ ಒಂದು ಭಾಗವನ್ನು ಮೊದಲೇ ಒಡೆದಿರುತ್ತದೆ.

ಒಂದೂವರೆ ಮೀಟರ್ ಉದ್ದದ ದೊಡ್ಡ ಕರುಳಿನಲ್ಲಿ ಕೋಟ್ಯನುಕೋಟಿ ಬ್ಯಾಕ್ಟೀರಿಯಗಳು ನೆಲೆಸಿವೆ. ನಮಗೆ ಜೀರ್ಣವಾಗದ ಸೊಪ್ಪು, ಕಾಳು, ಸಿರಿಧಾನ್ಯಗಳ ನಾರನ್ನು ಅವು ಹುದುಗಿಸಿ ಬ್ಯುಟಿರೇಟ್‌ನಂಥ ಆಮ್ಲಗಳನ್ನು ಕೊಡುತ್ತವೆ. ಕರುಳಿನ ಗೋಡೆಯ ಕೋಶಗಳಿಗೆ ಅದೇ ಮುಖ್ಯ ಇಂಧನ.

ನೀರಿನ ಲೆಕ್ಕ ಇನ್ನೂ ಸೋಜಿಗದ್ದು. ಉಂಡು ಕುಡಿದದ್ದು 2 ಲೀಟರ್, ಒಳಗೇ ಸ್ರವಿಸಿದ ರಸಗಳು 7 ಲೀಟರ್: ದಿನಕ್ಕೆ ಸುಮಾರು 9 ಲೀಟರ್ ಕರುಳಿಗೆ ಬರುತ್ತದೆ. ಬಹುಪಾಲನ್ನು ಸಣ್ಣ ಕರುಳು, ಉಳಿದದ್ದನ್ನು ದೊಡ್ಡ ಕರುಳು ಹೀರಿಕೊಂಡು, ಮಲದಲ್ಲಿ ಹೋಗುವುದು 100ರಿಂದ 200 ಮಿಲಿಲೀಟರ್ ಮಾತ್ರ. ಕಾಲರಾ ಬಂದಾಗ ಈ ಲೆಕ್ಕ ತಲೆಕೆಳಗಾಗಿ ಗಂಟೆಗಳಲ್ಲೇ ಪ್ರಾಣ ಹೋಗಬಹುದು. ಆದರೆ ಗ್ಲುಕೋಸ್ ಮತ್ತು ಸೋಡಿಯಂ ಅನ್ನು ಜೊತೆಯಾಗಿ ಒಳಗೆ ಸೆಳೆಯುವ ಸಾಗಣೆ ವ್ಯವಸ್ಥೆಯನ್ನು ಕಾಲರಾ ವಿಷ ಕೆಡಿಸುವುದಿಲ್ಲ. 1960ರಲ್ಲಿ ರಾಬರ್ಟ್ ಕ್ರೇನ್ ವಿವರಿಸಿದ ಈ ಜೋಡಿ ಸಾಗಣೆಯ ಹಿಂದೆಯೇ ನೀರೂ ಬರುತ್ತದೆ. 1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರು ತುಂಬಿದ್ದ ಬಂಗಾಳದ ಬನಗಾಂವ್ ಶಿಬಿರದಲ್ಲಿ ಸಲೈನ್ ಮುಗಿಯುತ್ತ ಬಂದಾಗ ಡಾ. ದಿಲೀಪ್ ಮಹಲನಾಬಿಸ್ ಉಪ್ಪು, ಗ್ಲುಕೋಸ್, ಅಡುಗೆ ಸೋಡಾ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿಟ್ಟರು. ರೋಗಿಗಳ ಮನೆಯವರೇ ಅದನ್ನು ಕುಡಿಸಿದರು. ಸುಮಾರು ಶೇ. 30ರಷ್ಟಿದ್ದ ಸಾವು ಶೇ. 4ಕ್ಕಿಂತ ಕೆಳಗಿಳಿಯಿತು. ಇಂದಿನ ಓಆರ್‌ಎಸ್ ಪೊಟ್ಟಣದ ಮೂಲತತ್ವ ಇದೇ. ಮಹಲನಾಬಿಸ್ ಅವರಿಗೆ 2023ರಲ್ಲಿ ಮರಣೋತ್ತರವಾಗಿ ಪದ್ಮವಿಭೂಷಣ ನೀಡಲಾಯಿತು.

ಭೇದಿಯಾದ ಮಗುವಿಗೆ ನೀರು, ಹಾಲು, ಊಟ ನಿಲ್ಲಿಸುವ ಪದ್ಧತಿ ಇನ್ನೂ ಕೆಲವೆಡೆ ಇದೆ, ಅದು ತಪ್ಪು. ದೊಡ್ಡ ಪೊಟ್ಟಣದ ಓಆರ್‌ಎಸ್ ಪುಡಿಯನ್ನು ಪೂರ್ತಿಯಾಗಿ ಒಂದು ಲೀಟರ್ ಶುದ್ಧ ನೀರಿನಲ್ಲಿ ಕರಗಿಸಿ, ಗುಟುಕು ಗುಟುಕಾಗಿ ಕುಡಿಸಬೇಕು. 24 ಗಂಟೆ ಕಳೆದ ಮೇಲೆ ಉಳಿದದ್ದನ್ನು ಚೆಲ್ಲಿ ಹೊಸದಾಗಿ ಕಲಸಬೇಕು. ಎದೆಹಾಲು ನಿಲ್ಲಿಸಬಾರದು. ಮಗು ಮಂಕಾದರೆ, ಕುಡಿಯಲಾರದೆ ಹೋದರೆ, ಮಲದಲ್ಲಿ ರಕ್ತ ಕಂಡರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.