ಗಂಗಾಮೂಲದಿಂದ ಹೊರಟ ಸಾಕ್ಷಿ

1907ರಲ್ಲಿ ಪುಣೆ ಸಮೀಪದ ಕೆಡಗಾಂವ್‌ನಲ್ಲಿದ್ದ ಮುಕ್ತಿ ಮಿಷನ್ನಿನ ಮುದ್ರಣಾಲಯದಿಂದ ಒಂದು ಪುಟ್ಟ ಇಂಗ್ಲಿಷ್ ಪುಸ್ತಕ ಹೊರಬಂತು. ಬರೆದವರು ಪಂಡಿತಾ ರಮಾಬಾಯಿ. ಹೆಸರನ್ನು ಕನ್ನಡಕ್ಕೆ ತಂದರೆ ಹೆಚ್ಚುಕಡಿಮೆ 'ಎಂದೂ ಬರಿದಾಗದ ನಮ್ಮ ನಿಧಿಗೊಂದು ಸಾಕ್ಷಿ' ಎಂದಾಗುತ್ತದೆ. ಹತ್ತೊಂಬತ್ತನೆಯ ಶತಮಾನದ ಭಾರತೀಯ ಕ್ರೈಸ್ತರ ಆತ್ಮಕಥನಗಳನ್ನು ಓದುವುದು ಈಗ ನನ್ನ ದಿನದ ಕೆಲಸ. ಆ ರಾಶಿಯಲ್ಲಿ ನಾನು ಮತ್ತೆ ಮತ್ತೆ ಕೈಗೆತ್ತಿಕೊಳ್ಳುವುದು ಇದೊಂದನ್ನು.

'ಸಾಕ್ಷಿ' ಎಂಬ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮಲ್ಲಿ ಹೆಚ್ಚಿನವರಿಗೆ ಸಾಕ್ಷಿ ಎಂದರೆ ಕೋರ್ಟಿನ ಕಟಕಟೆ. ಕನ್ನಡ ಕ್ರೈಸ್ತರ ಮನೆಗಳಲ್ಲಿ, ಅದರಲ್ಲೂ ಪ್ರಾರ್ಥನಾ ಕೂಟಗಳಲ್ಲಿ, 'ಸಾಕ್ಷಿ ಹೇಳುವುದು' ಅಂದರೆ ಬೇರೆ. ಒಬ್ಬರು ಎದ್ದು ನಿಂತು, ತಾನು ಮೊದಲು ಹೇಗಿದ್ದೆ, ನಡುವೆ ಏನು ನಡೆಯಿತು, ಈಗ ಹೇಗಿದ್ದೇನೆ ಎಂದು ಹೇಳುತ್ತಾರೆ. ಕೇಳುತ್ತಿರುವವರಲ್ಲಿ ಯಾರಿಗೋ ಅದರಿಂದ ಧೈರ್ಯ ಬರಲಿ ಎಂಬುದೇ ಅದರ ಉದ್ದೇಶ. ತನ್ನ ಕತೆ ಇಲ್ಲಿ ತನ್ನ ಸ್ವಂತದ್ದಲ್ಲ, ಕೇಳುವವರಿಗೆ ಸೇರಿದ್ದು.

ಈ ಪದ್ಧತಿಗೆ ದೀರ್ಘ ವಂಶಾವಳಿಯಿದೆ. ಕ್ರಿ.ಶ. 400ರ ಸುಮಾರಿಗೆ ಆಗಸ್ಟೀನ್ ಬರೆದ ತಪ್ಪೊಪ್ಪಿಗೆಗಳು, 1666ರಲ್ಲಿ ಜಾನ್ ಬನ್ಯನ್ ಸೆರೆಮನೆಯಲ್ಲಿದ್ದಾಗ ಪ್ರಕಟವಾದ ಆತ್ಮವೃತ್ತಾಂತ ಎಲ್ಲರಿಗೂ ಗೊತ್ತಿರುವ ಹೆಸರುಗಳು. ನನಗೆ ಹೆಚ್ಚು ಕುತೂಹಲ ಜರ್ಮನಿಯ ಹೆರ್ನ್‌ಹುಟ್‌ನಲ್ಲಿ ನೆಲೆಸಿದ್ದ ಮೊರೇವಿಯನ್ ಪಂಗಡದ ಬಗ್ಗೆ. ಅಲ್ಲಿ ರೈತ, ಬಡಗಿ, ಮನೆಗೆಲಸದ ಹೆಂಗಸು ಎನ್ನದೆ ಎಲ್ಲರೂ ತಮ್ಮ ಬದುಕಿನ ವೃತ್ತಾಂತವನ್ನು ಬರೆದಿಡುತ್ತಿದ್ದರು, ಸತ್ತ ಮೇಲೆ ಅಂತ್ಯಕ್ರಿಯೆಯಲ್ಲಿ ಅದನ್ನು ಓದುತ್ತಿದ್ದರು. ಇದೇ ಭಕ್ತಿಪಂಥದ ನೆರಳಲ್ಲಿ ಬೆಳೆದ ಬಾಸೆಲ್ ಮಿಷನ್ ಕೂಡ ತನ್ನನ್ನು ಸೇರಬಯಸುವ ಯುವಕರಿಂದ ಮೊದಲು ಅಂಥದೊಂದು ಜೀವನ ವೃತ್ತಾಂತವನ್ನು ಬರೆಸಿಕೊಳ್ಳುತ್ತಿತ್ತು. ಆ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು. ಮೊಗ್ಲಿಂಗ್, ಕಿಟ್ಟೆಲ್ ಎಲ್ಲ ಅಲ್ಲಿಂದಲೇ ಬಂದವರು. ಪಕ್ಕದ ಮರಾಠಿಯಲ್ಲಿ, ಬೆಳಗಾವಿಯಲ್ಲಿ ಹುಟ್ಟಿ ಅಲ್ಲಿಯೇ ದೀಕ್ಷಾಸ್ನಾನ ಪಡೆದ ಬಾಬಾ ಪದ್ಮನ್‌ಜಿ 1884ರಲ್ಲಿ 'ಅರುಣೋದಯ' ಎಂಬ ಆತ್ಮಕಥೆ ಪ್ರಕಟಿಸಿದರು. ಹೆಸರೇ ಹೇಳುವಂತೆ ಇರುಳು ಕಳೆದು ಬೆಳಗಾದ ಕತೆ.

ಹೀಗೆ ಒಂದಾದ ಮೇಲೊಂದು ಓದುತ್ತ ಹೋದರೆ ನನ್ನಂಥ ಸಂಶೋಧಕರಿಗೆ ಮೊದಲು ಹುಟ್ಟುವುದು ಸಂಶಯ. ಎಲ್ಲವೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿವೆಯಲ್ಲ! ಮೊದಲು ಕತ್ತಲೆ, ನಡುವೆ ತಿರುವು, ಆಮೇಲೆ ಬೆಳಕು. ಅಚ್ಚನ್ನು ಗುರುತಿಸಿ, 'ಇದು ರೂಢಿಯ ಬರವಣಿಗೆ' ಎಂದು ಷರಾ ಬರೆದು ಮುಂದೆ ಹೋಗುವುದು ಸುಲಭ. ಆದರೆ ಹಾಗೆ ಮಾಡಿದರೆ ರಮಾಬಾಯಿ ಕೈ ತಪ್ಪಿಹೋಗುತ್ತಾರೆ.

ಅವರು ಹುಟ್ಟಿದ್ದು 1858ರಲ್ಲಿ, ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ, ತುಂಗೆ ಭದ್ರೆಯರು ಹುಟ್ಟುವ ಕಾಡಿನಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆ, ಘಟ್ಟದ ಕೆಳಗೆ ಕಾರ್ಕಳದ ಕಡೆಯ ಮಾಳದ ಚಿತ್ಪಾವನ ಬ್ರಾಹ್ಮಣರು. ಪುಣೆಯಲ್ಲಿ ಓದುತ್ತಿದ್ದಾಗ ಅವರ ಗುರುಗಳು ಪೇಶ್ವೆಯ ಹೆಂಡತಿಗೆ ಸಂಸ್ಕೃತ ಕಲಿಸುತ್ತಿದ್ದರಂತೆ. ಹೆಂಗಸೊಬ್ಬಳು ಶ್ಲೋಕ ಹೇಳುವುದನ್ನು ಕೇಳಿದ ಆ ವಿದ್ಯಾರ್ಥಿ, ನನ್ನ ಹೆಂಡತಿಗೂ ಕಲಿಸುತ್ತೇನೆ ಎಂದು ಮನಸ್ಸಿನಲ್ಲೇ ನಿಶ್ಚಯಿಸಿಕೊಂಡರು. ಊರಿನಲ್ಲಿ ಅದಕ್ಕೆ ವಿರೋಧ ಬಂತು. ಉಡುಪಿಯಲ್ಲಿ ಮಾಧ್ವ ವಿದ್ವಾಂಸರ ಸಭೆಯ ಮುಂದೆ ನಿಂತು, ಹೆಂಗಸರು ಸಂಸ್ಕೃತ ಪುರಾಣ ಕಾವ್ಯಗಳನ್ನು ಓದಬಹುದು ಎಂಬುದಕ್ಕೆ ಶಾಸ್ತ್ರಗಳಿಂದಲೇ ಆಧಾರ ತೋರಿಸಿ ಅವರು ಗೆದ್ದು ಬಂದರು. ವೇದ ಮಾತ್ರ ಆ ಪಟ್ಟಿಯಲ್ಲಿ ಇರಲಿಲ್ಲ. ಗಂಡನಿಂದ ಕಲಿತ ಲಕ್ಷ್ಮೀಬಾಯಿ ಮುಂದೆ ಮಗಳಿಗೆ ಕಲಿಸಿದರು.

ಈಗ ಅಚ್ಚಿನ ಪ್ರಕಾರ ಇದು ಕತೆಯ ಕತ್ತಲೆಯ ಭಾಗವಾಗಬೇಕು. ಕ್ರೈಸ್ತ ಓದುಗರಿಗಾಗಿ ಕ್ರೈಸ್ತ ಸಂಸ್ಥೆಯಲ್ಲೇ ಅಚ್ಚಾದ ಪುಸ್ತಕ ಇದು. ಲೇಖಕಿ ಶಾಸ್ತ್ರಗಳು ಹೆಣ್ಣಿನ ಬಗ್ಗೆ, ಶೂದ್ರರ ಬಗ್ಗೆ ಹೇಳಿದ್ದನ್ನು ಎಳ್ಳಷ್ಟೂ ಮೃದು ಮಾಡದೆ ಬರೆಯುತ್ತಾರೆ. ಆ ಪುಟಗಳು ಇಂದಿಗೂ ಕೆಲವರನ್ನು ಕೆರಳಿಸುತ್ತವೆ. ಆದರೆ ಅದೇ ಶಾಸ್ತ್ರಗಳನ್ನು ಬದುಕಿಡೀ ನಂಬಿದ ತಂದೆಯ ವಿಷಯ ಬಂದಾಗ ದನಿ ಬೇರೆಯಾಗುತ್ತದೆ. ಅಲ್ಲಿ ಕತ್ತಲೆ ಕಾಣುವುದಿಲ್ಲ. ಹೆಂಡತಿಗೂ ಮಗಳಿಗೂ ಪಾಠ ಹೇಳುವ ಹಟಮಾರಿ ಪಂಡಿತರೊಬ್ಬರು ಕಾಣುತ್ತಾರೆ. ಅದಕ್ಕೂ ಮುಂಚೆ, 1887ರಲ್ಲಿ, ಮೇಲ್ಜಾತಿಯ ಹಿಂದೂ ಹೆಂಗಸರ ಪಾಡನ್ನು ಕುರಿತ ತಮ್ಮ ಪ್ರಸಿದ್ಧ ಇಂಗ್ಲಿಷ್ ಪುಸ್ತಕವನ್ನು ಅವರು ಅರ್ಪಿಸಿದ್ದೂ ತಾಯಿ ಲಕ್ಷ್ಮೀಬಾಯಿಗೇ.

ಒಂದು ಸಣ್ಣ ವಿವರವನ್ನು ಇಲ್ಲಿ ಹೇಳಲೇಬೇಕು. ರಮಾಬಾಯಿಗೆ ಆರು ತಿಂಗಳಾಗಿದ್ದಾಗ ಮನೆಯವರು ಗಂಗಾಮೂಲ ಬಿಟ್ಟರು. ಮಗುವನ್ನು ಬೆತ್ತದ ಪೆಟ್ಟಿಗೆಯಲ್ಲಿ ಮಲಗಿಸಿ ಘಟ್ಟ ಇಳಿಸಿದರಂತೆ. ತನ್ನ ಯಾತ್ರಿಕ ಜೀವನ ಅಲ್ಲಿಂದಲೇ ಶುರುವಾಯಿತು ಎನ್ನುತ್ತಾರೆ ಅವರು. ಬನ್ಯನ್ ಓದಿದವರಿಗೆ 'ಯಾತ್ರಿಕ' ಎಂಬುದು ಆತ್ಮದ ಪಯಣದ ರೂಪಕ. ಈ ಕುಟುಂಬಕ್ಕೆ ಅದು ರೂಪಕವಾಗಿರಲಿಲ್ಲ. ದೇವಸ್ಥಾನದಿಂದ ದೇವಸ್ಥಾನಕ್ಕೆ, ತೀರ್ಥದಿಂದ ತೀರ್ಥಕ್ಕೆ ವರ್ಷಗಟ್ಟಲೆ ನಡೆದು, ಪುರಾಣ ಓದಿ, ಬಂದ ದಕ್ಷಿಣೆಯಲ್ಲಿ ಉಂಡವರು ಅವರು. ಇಂಗ್ಲೆಂಡಿನ ಪ್ಯೂರಿಟನ್ನರ ಪದವೊಂದು ಇಲ್ಲಿ ಧೂಳು ಹಿಡಿದ ಕಾಲುಗಳನ್ನು ಪಡೆಯುತ್ತದೆ.

ಮುಂದಿನದು ಬೇಗ ಹೇಳಬಹುದಾದದ್ದು. 1870ರ ದಶಕದ ಬರದಲ್ಲಿ ತಂದೆ, ತಾಯಿ, ಅಕ್ಕ ತೀರಿಕೊಂಡರು. ಅಣ್ಣ ಶ್ರೀನಿವಾಸನ ಜೊತೆ ನಡೆದು 1878ರಲ್ಲಿ ಕಲ್ಕತ್ತ ತಲುಪಿದ ಹುಡುಗಿಯ ಸಂಸ್ಕೃತ ಕೇಳಿ ಅಲ್ಲಿನವರು 'ಪಂಡಿತಾ', 'ಸರಸ್ವತಿ' ಎಂದು ಬಿರುದು ಕೊಟ್ಟರು. ಅಣ್ಣ ಸತ್ತ, ಬಂಗಾಳದ ಬಿಪಿನ್ ಬಿಹಾರಿ ಮೇಧ್ವಿಯವರ ಜೊತೆ ಮದುವೆಯಾಯಿತು, ಮಗಳು ಮನೋರಮಾ ಹುಟ್ಟಿದಳು, 1882ರಲ್ಲಿ ಗಂಡನೂ ಹೋದರು. ಗಂಡ ಬದುಕಿದ್ದಾಗ ಸಿಲ್ಚಾರಿನ ಮನೆಯ ಪುಸ್ತಕಗಳ ನಡುವೆ ಬಂಗಾಳಿಯಲ್ಲಿದ್ದ ಲೂಕನ ಸುವಾರ್ತೆ ಅವರ ಕೈಗೆ ಸಿಕ್ಕಿತ್ತು. 1883ರಲ್ಲಿ ಇಂಗ್ಲೆಂಡಿಗೆ ಹೋಗಿ, ವಾಂಟೇಜ್ ಎಂಬ ಊರಿನ ಆಂಗ್ಲಿಕನ್ ಸನ್ಯಾಸಿನಿಯರ ಮಠದಲ್ಲಿದ್ದುಕೊಂಡು ದೀಕ್ಷಾಸ್ನಾನ ಪಡೆದರು.

ಅಚ್ಚಿನ ಪ್ರಕಾರ ತಿರುವು ಇದೇ. ಆದರೆ ಸಾಕ್ಷಿ ಇಲ್ಲಿ ನಿಲ್ಲುವುದಿಲ್ಲ. ದೀಕ್ಷಾಸ್ನಾನವಾಗಿ ಎಂಟು ವರ್ಷಗಳಾದ ಮೇಲೆ, ತನಗೆ ಕ್ರೈಸ್ತ ಮತವೇನೋ ದಕ್ಕಿದೆ, ಕ್ರಿಸ್ತ ಇನ್ನೂ ದಕ್ಕಿಲ್ಲ ಎಂದು ಅವರಿಗೆ ಅನಿಸತೊಡಗುತ್ತದೆ. ಹಾಗೆ ಅನಿಸುವಂತೆ ಮಾಡಿದ್ದು ಇನ್ನೊಬ್ಬರ ಸಾಕ್ಷಿ! ವಿಲಿಯಂ ಹ್ಯಾಸ್ಲಮ್ ಎಂಬ ಪಾದ್ರಿ 1880ರಲ್ಲಿ ಪ್ರಕಟಿಸಿದ ಆತ್ಮಕಥೆಯನ್ನು ಅವರು ಓದಿದರು. ಈ ಹ್ಯಾಸ್ಲಮ್ ಕಾರ್ನ್‌ವಾಲ್‌ನ ಬಾಲ್ಡ್ಯೂ ಎಂಬಲ್ಲಿ ಪಾದ್ರಿಯಾಗಿದ್ದವರು. ಚರ್ಚಿನ ವಿಧಿವಿಧಾನ, ಅಲಂಕಾರಗಳಲ್ಲಿ ಮುಳುಗಿದ್ದರು. 1851ರ ಒಂದು ಭಾನುವಾರ ಪೀಠದ ಮೇಲೆ ನಿಂತು ಉಪದೇಶ ಮಾಡುತ್ತಿರುವಾಗಲೇ ಅವರ ಮನಸ್ಸು ತಿರುಗಿತು. ಕೇಳುತ್ತಿದ್ದವರಲ್ಲೊಬ್ಬ ಎದ್ದು, ಪಾದ್ರಿಗೇ ಪರಿವರ್ತನೆಯಾಯಿತು ಎಂದು ಕೂಗಿದನಂತೆ. ಪಾದ್ರಿಯಾಗಿದ್ದೂ ನಂಬಿಕೆ ಬಂದಿರಲಿಲ್ಲ ಎಂಬ ಈ ಮನುಷ್ಯನಲ್ಲಿ ರಮಾಬಾಯಿ ತಮ್ಮನ್ನೇ ಕಂಡುಕೊಂಡರು. ಅಚ್ಚು ಕೆಲಸ ಮಾಡುವುದು ಹೀಗೆ ಎಂದು ನನಗೆ ತೋರುತ್ತದೆ. ಅದು ಕತೆಯನ್ನು ಕೊಡುವುದಿಲ್ಲ, ತನ್ನ ಕತೆಯಲ್ಲಿ ಎಲ್ಲಿ ಏನು ಬಾಕಿಯಿದೆ ಎಂದು ಕೇಳಿಕೊಳ್ಳಲು ಒಂದು ಪ್ರಶ್ನೆಯನ್ನು ಕೊಡುತ್ತದೆ.

ಹಾಗಾದರೆ ಆ ಎಂಟು ವರ್ಷ ಏನು ನಡೆಯಿತು? ಇದಕ್ಕೆ ಸಾಕ್ಷಿಯನ್ನಷ್ಟೇ ನಂಬಿ ಕೂತರೆ ಸಾಲದು. ವಾಂಟೇಜ್ ಮಠದ ಸಿಸ್ಟರ್ ಜೆರಾಲ್ಡಿನ್ ಜೋಡಿಸಿಟ್ಟಿದ್ದ ಪತ್ರಗಳು ಎ. ಬಿ. ಷಾ ಅವರ ಸಂಪಾದಕತ್ವದಲ್ಲಿ 1977ರಲ್ಲಿ ಪ್ರಕಟವಾದವು. ಅಲ್ಲಿನ ರಮಾಬಾಯಿ ಜಗಳಗಂಟಿ. ತ್ರಿತ್ವದ ಸಿದ್ಧಾಂತವನ್ನು ಪ್ರಶ್ನಿಸುತ್ತಾರೆ. ನಮ್ಮ ಪುರೋಹಿತರ ನೊಗವನ್ನು ಕಷ್ಟಪಟ್ಟು ಕಳಚಿಕೊಂಡು ಬಂದವಳು ನಿಮ್ಮ ಪುರೋಹಿತರ ನೊಗಕ್ಕೆ ಕುತ್ತಿಗೆ ಕೊಡಲಾರೆ ಎಂಬರ್ಥದ ಮಾತು ಬರೆಯುತ್ತಾರೆ. ಕೊಟ್ಟ ಶಿಲುಬೆಯ ಮೇಲಿನ ಲ್ಯಾಟಿನ್ ಅಕ್ಷರ ಬೇಡ, ಲ್ಯಾಟಿನ್ನಿನಲ್ಲಿರುವ ಯಾವ ದೊಡ್ಡತನ ನಮ್ಮ ಸಂಸ್ಕೃತದಲ್ಲಿಲ್ಲ ಎಂದು ತಗಾದೆ ತೆಗೆಯುತ್ತಾರೆ. ಮೊಟ್ಟೆ ಹಾಕಿದ ತಿನಿಸನ್ನು ಮುಟ್ಟುವುದಿಲ್ಲ. ಅವರು ಗಂಡುಮಕ್ಕಳಿಗೆ ಪಾಠ ಹೇಳುವ ವಿಚಾರಕ್ಕೆ ಬಿಷಪ್ಪರು ತಲೆಹಾಕಿದಾಗಲೂ ಸುಮ್ಮನಿರಲಿಲ್ಲ. 1907ರ ಸಾಕ್ಷಿಯಲ್ಲಿ ಈ ಕಾವೆಲ್ಲ ಆರಿದೆ. ಕ್ರೈಸ್ತರಲ್ಲಿ ಇಷ್ಟೊಂದು ಪಂಗಡಗಳನ್ನು ನೋಡಿ ತಲೆ ಕೆಟ್ಟಿತು ಎಂಬಷ್ಟಕ್ಕೆ ಅದು ಇಳಿದಿದೆ.

ಮುಚ್ಚಿಟ್ಟರು ಎನ್ನೋಣವೇ? ನನಗೆ ಹಾಗನ್ನಿಸುವುದಿಲ್ಲ. ಪತ್ರ ಬರೆದದ್ದು ಎದುರಾಳಿಗೆ, ಸಾಕ್ಷಿ ಬರೆದದ್ದು ಎಲ್ಲೋ ಕೂತು ಸೋತು ಓದುತ್ತಿರುವವರಿಗೆ. ಯಾರಿಗಾದರೂ ಧೈರ್ಯ ಹೇಳಬೇಕೆಂದು ಕೂತಾಗ ನಾವೂ ಹಳೆಯ ಜಗಳಗಳ ಲೆಕ್ಕ ತೆಗೆಯುವುದಿಲ್ಲ. ಎರಡನ್ನೂ ಪಕ್ಕಪಕ್ಕ ಇಟ್ಟು ಓದಿದಾಗ ಮಾತ್ರ ಚಿತ್ರ ತುಂಬಿಕೊಳ್ಳುತ್ತದೆ. ಅವರ ಬರಹಗಳನ್ನು ಆಯ್ದು ಅನುವಾದಿಸಿ ಕೊಟ್ಟ ಮೀರಾ ಕೋಸಂಬಿಯವರ ಕೆಲಸ ಇದಕ್ಕೆ ದೊಡ್ಡ ಆಸರೆ. ಇನ್ನೊಂದು ಕಡೆಯ ಬಿಸಿಯನ್ನೂ ಮರೆಯಬಾರದು. 1889ರಲ್ಲಿ ಅವರು ವಿಧವೆಯರಿಗಾಗಿ ತೆರೆದ ಶಾರದಾ ಸದನದಲ್ಲಿ ಹುಡುಗಿಯರನ್ನು ಕ್ರೈಸ್ತರನ್ನಾಗಿಸುತ್ತಿದ್ದಾರೆಂಬ ಆರೋಪ ಎದ್ದು, 1893ರಲ್ಲಿ ರಾನಡೆ, ಭಂಡಾರ್ಕರ್ ಅವರಂಥ ಹಿತೈಷಿಗಳೇ ಸಲಹಾ ಸಮಿತಿ ಬಿಟ್ಟರು. ಧೈರ್ಯ ತುಂಬುವ ಕತೆ ಯಾರಿಗೆ ಧೈರ್ಯ, ಯಾರಿಗೆ ಆತಂಕ ಎಂಬ ಪ್ರಶ್ನೆ ಆಗಲೂ ಇತ್ತು.

ಅದಾದ ಮೇಲೆ ಅವರು ಓದಿದ ಮೂರು ಬದುಕುಗಳ ಪ್ರಸ್ತಾಪ ಸಾಕ್ಷಿಯಲ್ಲಿ ಬರುತ್ತದೆ: ಬ್ರಿಸ್ಟಲ್‌ನಲ್ಲಿ ಯಾರ ಮುಂದೆಯೂ ಕೈಚಾಚದೆ ಅನಾಥಾಲಯ ನಡೆಸಿದ ಜಾರ್ಜ್ ಮುಲ್ಲರ್, ಚೀನಾದ ಹಡ್ಸನ್ ಟೇಲರ್, ಪೆಸಿಫಿಕ್ ದ್ವೀಪಗಳ ಜಾನ್ ಪೇಟನ್. ಬೇರೆ ದೇಶಗಳಲ್ಲಿ ಹೀಗೆ ದೇವರನ್ನೇ ನೆಚ್ಚಿ ಬದುಕಲು ಆಗುವುದಾದರೆ ಭಾರತದಲ್ಲಿ ಯಾಕಾಗದು ಎಂದು ಅವರಿಗೆ ಅನಿಸಿತು. 1896ರಲ್ಲಿ ಮಧ್ಯಪ್ರಾಂತ್ಯದಲ್ಲಿ ಬರ ಬಂತು. ಹಿಂಜರಿಯುತ್ತಲೇ ಅಲ್ಲಿಗೆ ಹೋದರು, ನೂರಾರು ಹೆಣ್ಣುಮಕ್ಕಳನ್ನು ಕರೆತಂದರು. ಕೆಡಗಾಂವ್‌ನ ಹೊಲದಲ್ಲಿ ಮುಕ್ತಿ ಎದ್ದುನಿಂತದ್ದು ಹೀಗೆ.

ಆ ದಿನಗಳಲ್ಲಿ, 1897ರಲ್ಲಿ, ಅವರು ತಮ್ಮ ಬರದ ಅನುಭವಗಳನ್ನು ಒಂದು ಚಿಕ್ಕ ಬರಹವಾಗಿ ಪ್ರಕಟಿಸಿದರು. ನನ್ನ ಮಟ್ಟಿಗೆ ಅವರ ಅತ್ಯಂತ ಗಟ್ಟಿಯಾದ ಪುಟಗಳು ಅವು. ಇದ್ದಬದ್ದದ್ದೆಲ್ಲ ಮಾರಿ, ದೇವರುಗಳಿಗೆ ಹರಕೆ ಸಲ್ಲಿಸಿ, ಬ್ರಾಹ್ಮಣರಿಗೆ ದಾನ ಕೊಟ್ಟು, ಕೊನೆಗೆ ಕಾಡಿನ ಸೊಪ್ಪು ತಿಂದು ಕಾಲ ಹಾಕಿದ ಮನೆಯವರು ಅಲ್ಲಿದ್ದಾರೆ. ಕೂಲಿ ಮಾಡಲು ಗೊತ್ತಿಲ್ಲ, ಭಿಕ್ಷೆ ಬೇಡಲು ಮಾನ ಬಿಡದು. ಕಣ್ಣು ಕಾಣದ ಮುದುಕ ತಂದೆ ಜಲಸಮಾಧಿಗೆ ಸಿದ್ಧರಾಗುತ್ತಾರೆ, ಒಬ್ಬೊಬ್ಬರನ್ನಾಗಿ ಕರೆದು ಬೀಳ್ಕೊಡುತ್ತಾರೆ. ಕಿರಿಯ ಮಗಳನ್ನು ತಬ್ಬಿಕೊಂಡು, ಎಲ್ಲಿದ್ದರೂ ದೇವರ ಸೇವೆ ಮಾಡು ಎನ್ನುತ್ತಾರೆ. ಆಗ ಅಣ್ಣ, ಜಾತಿ ಅಂತಸ್ತಿನ ಹಂಗು ಬಿಟ್ಟು ಯಾವ ಕೆಲಸವಾದರೂ ಮಾಡುತ್ತೇನೆ ಎಂದು ಮುಂದೆ ಬರುತ್ತಾನೆ. ಇದನ್ನು ಬರೆಯುವಾಗ ಮಗಳು ಕ್ರೈಸ್ತಳಾಗಿ ಹದಿನಾಲ್ಕು ವರ್ಷಗಳಾಗಿದ್ದವು. ತಂದೆ ಹೇಳಿದ ದೇವರು ಯಾರು, ತಾನು ಸೇವಿಸುತ್ತಿರುವ ದೇವರು ಯಾರು ಎಂಬ ವ್ಯತ್ಯಾಸವನ್ನು ಆ ಜಾಗದಲ್ಲಿ ಅವರು ಎತ್ತುವುದಿಲ್ಲ. ಮಧ್ಯಪ್ರಾಂತ್ಯದ ರಸ್ತೆಗಳಲ್ಲಿ ಎಲುಬುಗೂಡಾಗಿ ಕೂತಿದ್ದ ಹುಡುಗಿಯರನ್ನು ನೋಡಿದಾಗ ಅವರಿಗೆ ನೆನಪಾದದ್ದು, ಇಪ್ಪತ್ತು ವರ್ಷಗಳ ಹಿಂದೆ ಹಾಗೆಯೇ ಹಸಿದು ಅಲೆಯುತ್ತಿದ್ದ ತಾನು, ತನ್ನ ಅಕ್ಕ, ಅಣ್ಣ.