ಪಾತಾಳಕ್ಕಿಳಿದ ಕ್ರಿಸ್ತ: ಒಂದು ವಾಕ್ಯ, ಹಲವು ವ್ಯಾಖ್ಯಾನ

ಶುಭ ಶುಕ್ರವಾರದಂದು ಯೇಸುಕ್ರಿಸ್ತನ ಮರಣವನ್ನೂ ಈಸ್ಟರ್ ಭಾನುವಾರದಂದು ಪುನರುತ್ಥಾನವನ್ನೂ ಕ್ರೈಸ್ತರು ಸ್ಮರಿಸುತ್ತಾರೆ. ನಡುವಿನ ಶನಿವಾರ ಕ್ರಿಸ್ತ ಎಲ್ಲಿದ್ದ? ದೇಹ ಸಮಾಧಿಯಲ್ಲಿದ್ದಾಗ ಆತ್ಮ ಮೃತರ ಲೋಕಕ್ಕೆ ಇಳಿದಿತ್ತು ಎಂಬುದು ಪ್ರಾಚೀನ ಸಭೆಯ ಉತ್ತರ. ಪಾಶ್ಚಾತ್ಯ ಸಭೆಗಳು ಪಠಿಸುವ ಅಪೊಸ್ತಲರ ವಿಶ್ವಾಸ ಪ್ರಮಾಣದಲ್ಲಿ ಇದಕ್ಕೆ ಮೀಸಲಾಗಿರುವುದು ಒಂದು ಚಿಕ್ಕ ವಾಕ್ಯ ಮಾತ್ರ. ಅದರ ಹಿಂದಿರುವ ಪ್ರಶ್ನೆ ಮಾತ್ರ ಚಿಕ್ಕದಲ್ಲ: ಕ್ರಿಸ್ತನಿಗಿಂತ ಮೊದಲೇ ಬದುಕಿ ಮಡಿದವರ ಗತಿಯೇನು?

ಈ ವಾಕ್ಯ ಆರಂಭದಿಂದಲೂ ಎಲ್ಲೆಡೆ ಇದ್ದುದಲ್ಲ. ಕ್ರಿ.ಶ. 400ರ ಸುಮಾರಿಗೆ ಬರೆದ ರುಫಿನಸ್, ಉತ್ತರ ಇಟಲಿಯ ಅಕ್ವಿಲಿಯಾದ ಪ್ರಮಾಣದಲ್ಲಿ ಇದು ಇದೆಯೆಂದೂ ರೋಮ್‌ನ ಪ್ರಮಾಣದಲ್ಲಿ ಇಲ್ಲವೆಂದೂ ದಾಖಲಿಸಿದ್ದಾನೆ. ನೈಸಿಯಾದ ವಿಶ್ವಾಸ ಪ್ರಮಾಣದಲ್ಲಿ ಇಂದಿಗೂ ಈ ಮಾತಿಲ್ಲ.

ಗೊಂದಲಕ್ಕೆ ಅರ್ಧ ಕಾರಣ ಪದಗಳೇ. ಹೀಬ್ರೂವಿನ ಷೆಯೋಲ್, ಗ್ರೀಕಿನ ಹೇಡಿಸ್ ಎಂದರೆ ಮೂಲತಃ ಸತ್ತವರೆಲ್ಲರೂ ಸೇರುವ ತಾಣ. ದುಷ್ಟರು ಶಿಕ್ಷೆ ಅನುಭವಿಸುವ ಸ್ಥಳಕ್ಕೆ ಗೆಹೆನ್ನಾ ಎಂಬ ಬೇರೆಯೇ ಹೆಸರಿದೆ. ಹಳೆಯ ಇಂಗ್ಲಿಷ್ ಅನುವಾದಗಳಲ್ಲಿ ಅನೇಕ ಕಡೆ ಎರಡಕ್ಕೂ ಒಂದೇ ಪದ ಬಂದು ಅರ್ಥ ಕಲಸಿಹೋಯಿತು. ಕನ್ನಡ ಬೈಬಲ್ ಓದುಗರಿಗೆ ಈ ತೊಂದರೆ ಕಡಿಮೆ; ಮೊದಲನೆಯದಕ್ಕೆ 'ಪಾತಾಳ', ಎರಡನೆಯದಕ್ಕೆ 'ನರಕ' ಎಂಬ ಪದಗಳು ಅಲ್ಲಿ ರೂಢಿಯಲ್ಲಿವೆ.

ನಂಬಿಕೆಯ ಮುಖ್ಯ ಆಧಾರ ಪೇತ್ರನ ಮೊದಲ ಪತ್ರಿಕೆ. ನೋಹನ ಕಾಲದಲ್ಲಿ ಅವಿಧೇಯರಾಗಿದ್ದು ಈಗ ಸೆರೆಯಲ್ಲಿರುವ ಆತ್ಮಗಳಿಗೆ ಕ್ರಿಸ್ತ ಸಾರಿದನೆಂದು ಅದರ 3ನೇ ಅಧ್ಯಾಯ ಹೇಳುತ್ತದೆ. ಇದು ಪಾತಾಳಕ್ಕೆ ಸಂಬಂಧಿಸಿದ ಮಾತಲ್ಲ, ನೋಹನ ಕಾಲದಲ್ಲೇ ನಡೆದ ಬೋಧನೆಯೆಂದು ಸಂತ ಅಗಸ್ಟೀನ್ ವಾದಿಸಿದ. ಆದರೂ ಕ್ರಿಸ್ತ ಪಾತಾಳಕ್ಕಿಳಿದುದನ್ನು ಆತ ನಿರಾಕರಿಸಲಿಲ್ಲ.

ಪಂಡಿತರು ತರ್ಕಿಸುತ್ತಿದ್ದರೆ ಜನಸಾಮಾನ್ಯರ ಕಲ್ಪನೆಯನ್ನು ಸೆರೆಹಿಡಿದದ್ದು ಬೈಬಲ್‌ಗೆ ಸೇರದ 'ನಿಕೊದೇಮನ ಸುವಾರ್ತೆ'. ಇದರಲ್ಲಿ ಹೇಡಿಸ್ ಒಂದು ಪಾತ್ರ. ಯೇಸುವನ್ನು ಇಲ್ಲಿಗೆ ತರುತ್ತೇನೆಂದು ಸೈತಾನ ಬೀಗಿದಾಗ ಹೇಡಿಸ್ ನಡುಗುತ್ತಾನೆ. ತಾನು ನುಂಗಿದ್ದ ಲಾಜರನನ್ನು ಒಂದೇ ಮಾತಿನಿಂದ ಕಸಿದುಕೊಂಡವನು ಇವನೇ ಅಲ್ಲವೇ, ಇವನು ಬಂದರೆ ಒಬ್ಬ ಮೃತನೂ ತನ್ನಲ್ಲಿ ಉಳಿಯಲಾರ ಎಂಬುದು ಅವನ ಅಳಲು. ಕೊನೆಗೆ ಕಂಚಿನ ಬಾಗಿಲುಗಳು ಮುರಿಯುತ್ತವೆ, ಆದಾಮ ಮೊದಲಾದ ಪೂರ್ವಜರು ಹೊರಬರುತ್ತಾರೆ. ಮಧ್ಯಯುಗದ ಯುರೋಪಿನ ನಾಟಕಗಳಿಗೆ ಇದು ಅಚ್ಚುಮೆಚ್ಚಿನ ವಸ್ತುವಾಯಿತು.

ಪೌರಸ್ತ್ಯ ಸಭೆಗಳಲ್ಲಿ ಈಸ್ಟರ್‌ನ ಪ್ರಮುಖ ಚಿತ್ರವೇ ಇದು. 14ನೇ ಶತಮಾನದ ಆರಂಭದಲ್ಲಿ ಇಸ್ತಾಂಬುಲ್‌ನ ಖೋರಾ ಚರ್ಚ್‌ನಲ್ಲಿ ಬರೆಯಲಾದ ಭಿತ್ತಿಚಿತ್ರದಲ್ಲಿ ಶ್ವೇತವಸ್ತ್ರಧಾರಿ ಕ್ರಿಸ್ತ ಆದಾಮ ಹಾಗೂ ಹವ್ವಳನ್ನು ಮಣಿಕಟ್ಟು ಹಿಡಿದು ಸಮಾಧಿಗಳಿಂದ ಎಳೆಯುತ್ತಿದ್ದಾನೆ. ಅಂಗೈ ಅಲ್ಲ, ಮಣಿಕಟ್ಟು. ಮೇಲೇಳುವ ಬಲ ಸತ್ತವರದ್ದಲ್ಲ ಎಂದು ಇದನ್ನು ಅರ್ಥೈಸುವುದುಂಟು. ಕಾಲಡಿಯಲ್ಲಿ ಮುರಿದ ಬಾಗಿಲುಗಳು, ಚೆಲ್ಲಾಡಿದ ಬೀಗದ ಕೈಗಳು. ಈ ಕಟ್ಟಡ 2024ರಿಂದ ಮಸೀದಿಯಾಗಿ ಬಳಕೆಯಲ್ಲಿದೆ.

ಹಾಗಾದರೆ ಬಿಡುಗಡೆಯಾದದ್ದು ಯಾರಿಗೆ? 13ನೇ ಶತಮಾನದ ಥಾಮಸ್ ಅಕ್ವಿನಾಸ್‌ನ ಉತ್ತರ ಬಿಗಿಯಾದುದು: ಕಾದಿದ್ದ ನೀತಿವಂತ ಪಿತೃಗಳಿಗೆ, ಶಾಪಗ್ರಸ್ತರಿಗಲ್ಲ. ಕಥೋಲಿಕ ಸಭೆ 1992ರಲ್ಲಿ ಪ್ರಕಟಿಸಿದ ಧರ್ಮಬೋಧನಾ ಗ್ರಂಥವೂ ಇದೇ ನಿಲುವನ್ನು ಉಳಿಸಿಕೊಂಡಿದೆ.

ಸುಧಾರಣಾ ಚಳವಳಿಯ ನಾಯಕರು ಮತ್ತೆ ಭಿನ್ನ ದಾರಿ ಹಿಡಿದರು. ಮಾರ್ಟಿನ್ ಲೂಥರ್ ಇದನ್ನು ಸೈತಾನನ ಮೇಲಿನ ವಿಜಯವೆಂದ. ಹೇಗೆ ನಡೆಯಿತೆಂದು ಕೆದಕಬೇಡಿರೆಂಬುದು ಲೂಥರನ್ ಸಭೆಗಳ 1577ರ ಒಪ್ಪಂದ ಗ್ರಂಥದ ಸಲಹೆ. ಜಾನ್ ಕ್ಯಾಲ್ವಿನ್ ಮಾತ್ರ ಪಾತಾಳವನ್ನು ಶಿಲುಬೆಯ ಮೇಲೆಯೇ ಕಂಡ. ದೇವರಿಂದ ಕೈಬಿಡಲ್ಪಟ್ಟ ಆತ್ಮದ ಯಾತನೆಯೇ ಆ ಇಳಿತ ಎಂಬುದು ಅವನ ವ್ಯಾಖ್ಯಾನ. ಇದು ಆಳವಾದ ಮಾತು ನಿಜ, ಆದರೆ ಸಮಾಧಿಯಾದ ನಂತರ ಇಳಿದನೆಂಬ ಪ್ರಮಾಣದ ಅನುಕ್ರಮಕ್ಕೆ ಸುಲಭವಾಗಿ ಹೊಂದುವುದಿಲ್ಲ.

1784ರಲ್ಲಿ ಜಾನ್ ವೆಸ್ಲಿ ಅಮೆರಿಕದ ಮೆಥೊಡಿಸ್ಟರಿಗಾಗಿ ಆಂಗ್ಲಿಕನ್ ಸಭೆಯ ಧರ್ಮಸೂತ್ರಗಳನ್ನು ಸಂಕ್ಷೇಪಿಸಿದಾಗ ಈ ಇಳಿತದ ಸೂತ್ರವನ್ನೇ ಕೈಬಿಟ್ಟ. 1970ರ ದಶಕದಿಂದೀಚೆಗೆ ಹಲವು ಸಭೆಗಳು ಇಂಗ್ಲಿಷ್ ಪ್ರಮಾಣದಲ್ಲಿ ನರಕದ ಪದವನ್ನು ತೆಗೆದು, ಕ್ರಿಸ್ತ ಮೃತರ ಬಳಿಗೆ ಇಳಿದನೆಂದು ಹೇಳುವ ಪಾಠವನ್ನು ಬಳಕೆಗೆ ತಂದಿವೆ.